ಕನ್ನಡಿ ಕಾಯುವ ರೋಸಮೆಲ್
ಅಂತೋಫಗಾಸ್ತ ಪಟ್ಟಣದ ಆಚೆ ನಮ್ಮ ಬೆಟ್ಟದ ದೂರದರ್ಶಕದಲ್ಲಿ ಕನ್ನಡಿ ಕಾಯುವವರು, ನಾವೆಲ್ಲ ಗೌರವದಿಂದ ದೊನ್ ಎನ್ನುವ ರೋಸಮೆಲ್. ಗಾಳಿಯ ನಡುಕಕ್ಕೆ ನಕ್ಷತ್ರದ ಬೆಳಕು ಕದಡದಿರಲೆಂದು ಆ ತೆಳು ಕನ್ನಡಿ ಸೆಕೆಂಡಿಗೆ ಸಾವಿರ ಸಲ ಮೈ ಬಾಗಿಸುತ್ತದೆ. ಅದನ್ನು ಬಾಗಿಸುವುದು ಕಂಪ್ಯೂಟರು, ಆದರೂ ಈ ಮನುಷ್ಯನಿಗೆ ಕೂತಲ್ಲಿ ಕೂರಲಾಗದು. ಎದ್ದು ಹೊರಗೆ ಹೋಗಿ ಒದ್ದೆ ಬೆರಳನ್ನು ಗಾಳಿಗೆ ಹಿಡಿಯುತ್ತಾರೆ, ಓಡಿಬಂದು "ಯಂತ್ರಕ್ಕೇನು ಗೊತ್ತು, ಗಾಳಿ ತಿರುಗ್ತಾ ಇದೆ ಕಣ್ರೋ!" ಎಂದು ಗದರುತ್ತಾರೆ. ಬೆಣ್ಣೆಹಣ್ಣು ಸವರಿದ ಬ್ರೆಡ್ಡನ್ನು ನಿಂತೇ ತಿನ್ನುತ್ತಾರೆ. ಅವರು ಬಿಸಿ ಚಹಾ ಕುಡಿದದ್ದನ್ನು ಹನ್ನೆರಡು ವರ್ಷದಲ್ಲಿ ನಾನು ಕಂಡಿಲ್ಲ. ಮೊನ್ನೆ ಬೆಳಗಿನ ಜಾವ ಖಗೋಳಜ್ಞೆ ಇಸ್ಮೇನಿಯಾ, "ಸಾಕು ದೊನ್ ರೋಸಮೆಲ್, ಬೆಳಕು ಹರೀತಿದೆ, ಕ್ಯಾಮೆರಾ ಮುಚ್ಚೋಣ" ಎನ್ನುವಷ್ಟರಲ್ಲಿ, ಒಂದು ನಕ್ಷತ್ರದ ಸುತ್ತಲಿನ ಧೂಳಿನ ಬಳೆಯೊಳಗೆ ಚುಕ್ಕೆಯೊಂದು ಪರದೆಯ ಮೇಲೆ ಮೂಡಿತು: ಇನ್ನೂ ರೂಪುಗೊಳ್ಳುತ್ತಿರುವ ಗ್ರಹ. ನಾವೆಲ್ಲ ಕೂಗಿದೆವು. "ವಯಸ್ಸು ಬರೀ ಐವತ್ತು ಲಕ್ಷ ವರ್ಷ, ಹಸುಗೂಸು!" ಎಂದಳು ಇಸ್ಮೇನಿಯಾ. ರೋಸಮೆಲ್ ಪರದೆಗೆ ಮುಖ ತಾಗಿಸಿ, "ಅಂಚು ಮಸುಕಾಗಿದೆ. ಇನ್ನೊಂದು ಫೋಟೊ ತೆಗಿಯಮ್ಮ" ಎಂದರು. "ಇಷ್ಟು ಸಾಕಲ್ವಾ?" ಎಂದು ಆಕೆ ನಕ್ಕಳು. "ನಮ್ಮ ಮಗು ಮೂರೇ ದಿನ ಇತ್ತು," ಎಂದರು ಅವರು. "ತೆಗೆದದ್ದು ಒಂದೇ ಫೋಟೊ, ಅದೂ ನನ್ನ ಕೈಯಲ್ಲಿ ಅಲ್ಲಾಡಿಹೋಯ್ತು. ಮುಖಾನೇ ಕಾಣಲ್ಲ." ಇಸ್ಮೇನಿಯಾ ಕುರ್ಚಿ ಎಳೆದುಕೊಂಡು, ಕ್ಯಾಮೆರಾವನ್ನು ಮತ್ತೆ ತೆರೆದಳು.