ಹೆಲಿಕಾಪ್ಟರಿನ ಕವಚ

ನ್ಯಾಮತಿಯ ನಮ್ಮ ಬೀದಿಯಲ್ಲಿ ಕಾಗದದ ಬುಟ್ಟಿ ಬೇಕಾದವರು ಕಸ್ತೂರಮ್ಮನವರ ಮನೆಗೇ ಹೋಗುತ್ತಿದ್ದರು. ಹಳೆಯ ಪತ್ರಿಕೆ ನೆನೆಸಿ, ಮೆಂತ್ಯ ಸೇರಿಸಿ ರುಬ್ಬಿ, ಬೋರಲು ಹಾಕಿದ ಬಿಂದಿಗೆಯ ಮೇಲೆ ಮೆತ್ತಿ ಒಣಗಿಸುತ್ತಿದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರೇ ಎತ್ತಿ ಬೆಳೆಸಿದ ತಮ್ಮ ಮುರುಗೇಶಪ್ಪ ಸರಕು ಹಡಗಿನಲ್ಲಿ ಕೆಲಸಕ್ಕಿದ್ದ.

೧೯೮೦ರಲ್ಲಿ ರಜೆಗೆ ಬಂದ ಅವನು ಜಪಾನಿನಿಂದ ರಿಮೋಟ್ ಹೆಲಿಕಾಪ್ಟರ್ ತಂದಿದ್ದ. ಶಾಲೆಯ ಬಯಲಿನಲ್ಲಿ ಹಾರಿಸುವಾಗ ಅದು ಬೇವಿನ ಕೊಂಬೆಗೆ ಬಡಿದು ಬಿತ್ತು. ಯಂತ್ರಕ್ಕೇನೂ ಆಗಲಿಲ್ಲ, ಮೇಲಿನ ಪ್ಲಾಸ್ಟಿಕ್ ಕವಚ ಮಾತ್ರ ಒಡೆಯಿತು.

"ಮುಂದಿನ ಸಲ ಹೊಸ ಕವಚ ತರ್ತೀನಕ್ಕ. ಆಗ ನಿನ್ ಕೈಲೇ ಹಾರಿಸ್ತೀನಿ" ಎಂದು ಹೆಲಿಕಾಪ್ಟರನ್ನು ಅಕ್ಕನ ಬಳಿಯೇ ಬಿಟ್ಟು ಹೋದವನು ವರ್ಷಗಳಾದರೂ ಬರಲಿಲ್ಲ. ಕವಚ ಸಿಕ್ಕಿಲ್ಲ, ಸಿಕ್ಕ ಕೂಡಲೇ ಬರುತ್ತೇನೆ ಎಂದು ಪತ್ರ ಬರೆಯುತ್ತಿದ್ದ.

ಕವಚ ತಾನೇ ಮಾಡಿಬಿಟ್ಟರೆ ಅವನು ಬರಲೇಬೇಕಲ್ಲ ಎಂದು ಕಸ್ತೂರಮ್ಮನವರಿಗೆ ಅನ್ನಿಸಿತು. ಒಡೆದ ಚೂರುಗಳನ್ನು ಮೇಣದಿಂದ ಅಂಟಿಸಿ ಅಚ್ಚು ಮಾಡಿಕೊಂಡರು. ಗಟ್ಟಿಯಾಗಿರಲೆಂದು ಬುಟ್ಟಿಗೆ ಮೆತ್ತುವಂತೆಯೇ ದಪ್ಪಗೆ ಮೆತ್ತಿದರು. ಹೊನ್ನಾಳಿಯಲ್ಲಿ ರೇಡಿಯೊ ರಿಪೇರಿ ಮಾಡುವ ಮಲ್ಲೇಶಪ್ಪ ಅದನ್ನು ನೋಡಿ ನಕ್ಕ.

"ಅಕ್ಕಾರೆ, ಇದೇನು ಜೋಳ ತುಂಬಾಕೆ ಮಾಡಿದ್ರಾ? ಇಷ್ಟು ಭಾರ ಇದ್ರೆ ಮೇಲೇಳಲ್ಲ. ಕವಚ ಇಲ್ದಿದ್ರೂ ಹಾರ್ತೈತೆ, ಬಿಡ್ರಿ."

"ನೀನು ಅಂಗಿ ಇಲ್ದೆ ಬಜಾರಿಗೆ ಹೋಗ್ತೀಯೇನಪ್ಪಾ? ಹಗುರ ಹೆಂಗೆ ಮಾಡೋದು, ಅದು ಹೇಳು."

ಈ ಸಲ ಕಸ್ತೂರಮ್ಮ ಸವೆದ ಸೀರೆಯ ತುಂಡುಗಳನ್ನು ಮೆಂತ್ಯದ ಅಂಟಿನಲ್ಲಿ ಅದ್ದಿ ತೆಳ್ಳಗೆ ಹಾಸಿದರು. ಒಣಗಿದ ಮೇಲೆ ದಬ್ಬಣ ಕಾಯಿಸಿ ತೂತು ಮಾಡಿದರು. ಎತ್ತಿನ ಕೋಡಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣ ಹಚ್ಚಿದರು. ಮಲ್ಲೇಶಪ್ಪ ತಿರುಪು ಬಿಗಿದಾಗ ಸರಿಯಾಗಿ ಕೂತಿತು. ಅವನ ಕೈಲೇ ಪತ್ರ ಬರೆಸಿದರು: ಕವಚ ತಯಾರಾಗಿದೆ, ಹೊರಟು ಬಾ.

ಅಂದಿನಿಂದ ಶಿವಮೊಗ್ಗದ ಬಸ್ಸಿನ ಸದ್ದಾದಾಗಲೆಲ್ಲ ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ದೀಪಾವಳಿ ಕಳೆದ ಮೇಲೆ ಅಂಚೆಯಲ್ಲಿ ಒಂದು ಪಾರ್ಸೆಲ್ ಬಂತು. ಹತ್ತಿಯ ನಡುವೆ ಹೊಚ್ಚಹೊಸ ಬಿಳಿ ಕವಚವಿತ್ತು, ಜೊತೆಗೆ ಒಂದು ಚೀಟಿ. ಮಲ್ಲೇಶಪ್ಪ ಓದಿದ: "ಅಕ್ಕ, ಅಂತೂ ಸಿಕ್ಕಿತು. ಮಲ್ಲೇಶಣ್ಣನ ಕೈಲಿ ಹಾಕಿಸಿಕೋ. ಈ ವರ್ಷ ರಜೆ ಕಷ್ಟ."

ಕಸ್ತೂರಮ್ಮ ಹತ್ತಿಯನ್ನು ಪೂರ್ತಿ ಬಿಡಿಸಿ ನೋಡಿದರು. ಮತ್ತೇನೂ ಇರಲಿಲ್ಲ.

"ಏನ್ ನುಣುಪೈತೆ ನೋಡ್ರಿ!" ಎನ್ನುತ್ತ ಮಲ್ಲೇಶಪ್ಪ ತಿರುಪುಳಿ ತೆಗೆದ. "ನಾಕೇ ತಿರುಪು. ಈಗ್ಲೇ ಹಾಕ್ಬಿಡ್ತೀನಿ."

"ಬ್ಯಾಡ, ತಮ್ಮಾ." ಅವರು ಕವಚವನ್ನು ಮತ್ತೆ ಹತ್ತಿಯಲ್ಲಿ ಸುತ್ತಿ ಡಬ್ಬದೊಳಗಿಟ್ಟರು. "ಒಂದು ಪತ್ರ ಬರಿ. ಪಾರ್ಸೆಲ್ಲು ಇನ್ನೂ ಬಂದಿಲ್ಲ ಅಂತ ಬರಿ."