ಪುಟ್ಟ ರೈಲಿನ ಊರಲ್ಲಿ ಎದುರು ಮನೆ

ಗಡಿಯಾರ ರಿಪೇರಿ ಅಂಗಡಿ ಮುಚ್ಚಿದ ಮೇಲೆ ಗಂಡ ಮಹಡಿಯ ಕೋಣೆಯಲ್ಲಿ ಪುಟ್ಟ ರೈಲೊಂದನ್ನು ಓಡಿಸತೊಡಗಿದಾಗ ಹೆಂಡತಿ ತಲೆ ಕೆಡಿಸಿಕೊಳ್ಳಲಿಲ್ಲ. ಹಳಿಯ ಸುತ್ತ ನಮ್ಮ ಬೀದಿಯನ್ನೇ ಕಟ್ಟುತ್ತೇನೆಂದು ಅವನು ಮರದ ಪುಡಿಗೆ ಹಸಿರು ಬಣ್ಣ ಹಾಕಿ ಹುಲ್ಲು ಮಾಡಿದ, ಒಣಕಡ್ಡಿಗಳಿಂದ ಮರ ಮಾಡಿದ. ಆದರೆ ದಿನವಿಡೀ ಕಿಟಕಿಗೆ ಅಂಟಿಕೊಂಡು ಎದುರು ಮನೆಯನ್ನೇ ನೋಡತೊಡಗಿದಾಗ ಅವಳ ತಲೆಗೆ ಅನುಮಾನದ ಹುಳು ಹೊಕ್ಕಿತು. ಆ ಮನೆಯಲ್ಲಿ ನರ್ಸ್ ಒಬ್ಬಳು ಒಂಟಿಯಾಗಿದ್ದಳು.

"ಏನ್ರೀ ಅಷ್ಟು ನೋಡ್ತೀರಾ?"

"ಗೋಡೆ ಮೇಲೆ ನೀರು ಇಳಿದ ಕಲೆ ಕಣೇ. ಕಲೆ ಇಲ್ಲದಿದ್ರೆ ಮನೆ ನಿಜ ಅನ್ಸಲ್ಲ."

ಕಲೆ ನೋಡೋಕೆ ತಲೆ ಬಾಚ್ಕೋಬೇಕಾ ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಳು.

ಅವನು ಬಣ್ಣ ತರಲು ಹೋದಾಗ ಮಹಡಿ ಹತ್ತಿದಳು. ಹಳಿಯ ಪಕ್ಕದ ಪುಟ್ಟ ಬೀದಿಯಲ್ಲಿ ಎದುರು ಮನೆ ಇದ್ದ ಹಾಗೇ ಮೂಡಿತ್ತು. ಗೋಡೆಯ ಕಲೆ, ತುಕ್ಕು ಹಿಡಿದ ಗೇಟು, ಬಾಲ್ಕನಿಯಲ್ಲಿ ಕೂದಲು ಒಣಗಿಸುತ್ತ ನಿಂತ ಉಗುರಿನಷ್ಟು ನರ್ಸ್. ಅಕ್ಕಪಕ್ಕದ ಮನೆಗಳೂ ಇದ್ದವು. ತಮ್ಮ ಮನೆ ಇರಬೇಕಾದ ಜಾಗ ಮಾತ್ರ ಖಾಲಿ.

ಗಂಡ ಬಂದಾಗ ಬಾಗಿಲಲ್ಲೇ ಹಿಡಿದಳು. "ನಮ್ಮ ಮನೆ ಎಲ್ಲಿ?"

ಅವನು ಒಂದು ಡಬ್ಬಿ ತೆರೆದು ತೋರಿಸಿದ. ಪುಟ್ಟ ಮನೆಯ ಜೊತೆ ಒಂದು ಹಿಡಿ ಜೇಡಿಮಣ್ಣಿನ ಗೊಂಬೆಗಳಿದ್ದವು, ಎಲ್ಲವೂ ಹೆಂಗಸರು. "ಮನೆ ಆಗಿದೆ. ಬಾಗಿಲಲ್ಲಿ ನೀನಿರಬೇಕು. ನೀನೇ ಸರಿಯಾಗಿ ಬರ್ತಿಲ್ಲ."

"ಅವಳು ಹೇಗೆ ಸರಿಯಾಗಿ ಬಂದ್ಲು?"

"ಅವರದ್ದು ಬೆನ್ನು ಮಾತ್ರ ಅಲ್ವಾ. ನಿಂದು ಮುಖ ಬೇಕು."

ಅವಳು ಪೂರ್ತಿ ನಂಬಲಿಲ್ಲ. ಮರುದಿನ ಅವನೆದುರು ಕೂರಲು ತಾನೇ ಕುರ್ಚಿ ಹೊತ್ತು ತಂದಳು. ಹಾಕಿದ್ದು ಮಾತ್ರ ಕಿಟಕಿಗೆ ಅಡ್ಡವಾಗಿ.