ಜೋಗಮ್ಮ ಹಾಕಿದ ಪಥ್ಯ

ಮಸ್ಕಿಯ ಜೋಗಮ್ಮನಿಗೆ ಹಾವು, ಪೊಲೀಸರು, ಗೌಡರ ಮನೆಯ ನಾಯಿ, ಯಾವುದರ ಹೆದರಿಕೆಯೂ ಇರಲಿಲ್ಲ. ಕೂಲಿ ಹೆಚ್ಚಿಸಿರೆಂದು ಸಿಂಧನೂರಿನ ರಸ್ತೆಗೆ ಅಡ್ಡ ಕೂತ ಹೆಂಗಸರಲ್ಲಿ ಲಾಠಿ ಕಂಡೂ ಏಳದವಳು ಇವಳೊಬ್ಬಳೇ. ಹೆದರುತ್ತಿದ್ದದ್ದು ನಾಟಿ ಔಷಧ ಕಲಿಸಿದ ಅವ್ವ ಹಾಕಿದ ಕಟ್ಟಳೆಗೆ. ಔಷಧದ ಗಿಡದ ಹೆಸರು ಬಾಯಿಬಿಟ್ಟರೆ ಅದರ ಗುಣ ಹೋಗುತ್ತದೆ. ಅದರ ಜೊತೆಗೆ ದವಾಖಾನಿ ಗುಳಿಗೆ ನುಂಗಿದರೆ ಔಷಧ ತಿರುಗಿ ಬೀಳುತ್ತದೆ. ಸಾಯುವಾಗ ಅವ್ವ ಕೈ ಹಿಡಿದು ಆಣೆ ಮಾಡಿಸಿಕೊಂಡಿದ್ದಳು.

ತಮ್ಮ ದುರುಗಪ್ಪ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಹಮಾಲ. ತೊಂಬತ್ತಮೂರರ ಬೇಸಿಗೆಯಲ್ಲಿ ಚೀಲ ಹೊತ್ತಾಗ ಎದೆ ಹಿಂಡಿತು. ರಕ್ತದಲ್ಲಿ ಕೊಬ್ಬು ಏರಿದೆ, ಎದೆಯ ನರಗಳು ಕಟ್ಟಿಕೊಳ್ಳುತ್ತಿವೆ, ಗುಳಿಗೆ ಬಿಡಬೇಡ ಎಂದರು ಡಾಕ್ಟರು. ಅವನು ಅಕ್ಕನ ಹತ್ತಿರ ಬಂದ. ಅಕ್ಕ ಹಳ್ಳದ ದಂಡೆಯ ಮರದ ಚಕ್ಕೆ ಕೆತ್ತಿ ತಂದು, ಹಾಲಲ್ಲಿ ಕುದಿಸಿ ಕುಡಿಸಿ, ಗುಳಿಗೆ ಬಿಡಿಸಿದಳು. ಮಳೆಗಾಲವಿಡೀ ಆರಾಮಿದ್ದ. ಗಿರಣಿಯಲ್ಲೆಲ್ಲ ಅಕ್ಕನ ಕೈಗುಣ ಹೊಗಳಿದ.

ದಸರೆಯ ಮುಂದೆ ಚೀಲದ ಅಡಿಯಲ್ಲೇ ಬಿದ್ದ.

ಜೋಗಮ್ಮ ಬಸ್ಸು ಹಿಡಿದು ಸಿಂಧನೂರಿನ ದವಾಖಾನೆಗೆ ಬರುವಷ್ಟರಲ್ಲಿ ಅವನ ತುಟಿ ಕಪ್ಪಿಟ್ಟಿತ್ತು. ಏನು ಕುಡಿಸಿದ್ದೀರೆಂದು ಡಾಕ್ಟರು ಮತ್ತೆ ಮತ್ತೆ ಕೇಳಿದರು. ಅವ್ವನ ಆಣೆ ಅಡ್ಡ ಬಂತು. ಹೇಳಿದರೆ ಕುಡಿದದ್ದೆಲ್ಲ ಅವನ ಮೈಯೊಳಗೇ ಸಾಯುತ್ತದೆ. ಹೇಳದಿದ್ದರೆ ಅವನೇ ಸಾಯುತ್ತಾನೆ.

"ಹೊಳೆಮತ್ತಿ ಚಕ್ಕಿರೀ," ಎಂದಳು. ಕಣ್ಣು ಮುಚ್ಚಿ, ತಮ್ಮನ ಉಸಿರು ನಿಲ್ಲುವುದನ್ನು ಕಾದಳು. ನಿಲ್ಲಲಿಲ್ಲ.

"ಅದೇನು ವಿಷ ಅಲ್ಲಮ್ಮ. ಕೊಬ್ಬು ಇಳಸ್ತದೇನು ಅಂತ ಪರೀಕ್ಷೆ ಮಾಡಾಕತ್ತಾರ, ಇನ್ನೂ ಖಾತ್ರಿ ಆಗಿಲ್ಲ. ಗುಳಿಗಿ ಬಿಡು ಅಂದವರು ಯಾರು?"

"ನಾನೇರೀ."

ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಚಲೋ ಇತ್ತು. ನಾಳೆಯವರೆಗೆ ಏನೂ ಹೇಳಲಾರೆ ಎಂದು ಒಳಗೆ ಹೋದರು.

ಬಾಗಿಲಲ್ಲಿ ಕುಕ್ಕರಿಸಿದವಳಿಗೆ ಬಳಗಾನೂರಿನ ಖಾತೂನ್‌ಬೀ ನೆನಪಾದಳು. ಅವಳಿಗೂ ಅದೇ ಎದೆನೋವು, ತಾನೇ ಕೊಟ್ಟ ಅದೇ ಚಕ್ಕೆ, ಗುಳಿಗೆ ಬಿಡುವ ಅದೇ ಪಥ್ಯ. ಇಲ್ಲಿ ಕೂತು ತಮ್ಮನಿಗೆ ಮಾಡಬಹುದಾದದ್ದು ಏನೂ ಇಲ್ಲ. ಎದ್ದರೆ ಅವಳಾದರೂ ಉಳಿದಾಳು. ಎದ್ದಳು.

ಖಾತೂನ್‌ಬೀ ಅಂಗಳದಲ್ಲಿ ಕಷಾಯ ಸೋಸುತ್ತ ನಕ್ಕಳು.

"ಗುಳಿಗಿ ಎಲ್ಲಿಟ್ಟಿಯೇ?"

"ನೀನೇ ಬಿಡು ಅಂದಿಯಲ್ಲ, ಒಲಿಗೆ ಹಾಕೀನಿ. ಈಗ ನೋಡು, ಕುದುರಿ ಹಂಗ ಅದೀನಿ."

ದುರುಗಪ್ಪನೂ ಹೀಗೇ ಅಂದಿದ್ದ. ಜೋಗಮ್ಮ ಅವಳ ರಟ್ಟೆ ಹಿಡಿದು ಸಿಂಧನೂರಿನ ಬಸ್ಸಿನ ಕಡೆ ಎಳೆದುಕೊಂಡು ನಡೆದಳು. ಖಾತೂನ್‌ಬೀಯ ನಗು ಹಾದಿಯಲ್ಲೇ ನಿಂತಿತು.